ಎಂಟು ಕಂಬ, ಒಂದು ಮೇಜು

ಮದುವೆಯಾಗಿ ಬಂದ ಹೊಸದರಲ್ಲಿ ಟೈಲರಕ್ಕನ ಹೊಲಿಗೆ ಮೆಷಿನ್ನು ಹಾಲಿನ ಕಿಟಕಿಯ ಪಕ್ಕ ಇತ್ತು. ಎಡಗಡೆಯಿಂದ ಬೆಳಕು ಬೀಳುತ್ತಿತ್ತು, ಸೂಜಿಗೆ ದಾರ ಪೋಣಿಸಲು ಕಣ್ಣು ಕಿರಿದು ಮಾಡಬೇಕಾಗಿರಲಿಲ್ಲ. ಆಮೇಲೆ ಟೀವಿ ಬಂತು, ಮೆಷಿನ್ನು ಬಾಗಿಲ ಹಿಂದಕ್ಕೆ ಹೋಯಿತು. ಫ್ರಿಜ್ ಬಂತು, ಮೆಷಿನ್ನು ಅಡುಗೆಮನೆಯ ಗೋಡೆಗೆ ಒರಗಿತು. ಕೊನೆಗೆ ಬಟ್ಟೆ ಒಗೆಯುವ ಮೆಷಿನ್ನು ಬಂದಾಗ ಬಟ್ಟೆ ಹೊಲಿಯುವ ಮೆಷಿನ್ನು ಬಾತ್‌ರೂಮಿನ ಬಾಗಿಲ ಪಕ್ಕಕ್ಕೆ ಬಂದು ನಿಂತಿತು. ಈಗ ಮನೆಯವರು ಸ್ನಾನ ಮುಗಿಸಿ ಹೊರಬರುವಾಗಲೆಲ್ಲ ಅವಳು ಕಾಲು ಮಡಚಿ ದಾರಿ ಬಿಡಬೇಕು.

"ಇನ್ನೊಂದು ವಸ್ತು ಬಂದ್ರೆ ನಿನ್ನ ಮೆಷಿನ್ನು ಬೀದಿಗೆ ಬೀಳುತ್ತೆ ಕಣೇ ಹುಡುಗಿ," ಎನ್ನುತ್ತಿದ್ದರು ಅತ್ತೆ. ಹುಡುಗಿಗೆ ಐವತ್ತನಾಲ್ಕು.

ಇನ್ನೊಂದು ವಸ್ತು ಬಂದೇಬಿಟ್ಟಿತು. ಆದರೆ ಅದು ಬಂದು ಕೂತದ್ದು ಮೇಜಿನ ಮೇಲೆ.

ಮೇಜಿನ ವಿಷಯ ಸ್ವಲ್ಪ ಹೇಳಬೇಕು. ಅದು ಟೈಲರಕ್ಕನ ಚಿಕ್ಕಮ್ಮನ ಅಂಗಡಿಯ ಕಟಿಂಗ್ ಮೇಜು. ಆರಡಿ ಉದ್ದ, ಮೂರಡಿ ಅಗಲ, ಸೊಂಟದೆತ್ತರ. ಹದಿನಾಲ್ಕನೇ ವಯಸ್ಸಿನಲ್ಲಿ ಅದರ ಪಕ್ಕ ನಿಂತು ಕಾಜಾ ಹಾಕುವುದು, ಗುಂಡಿ ಹಚ್ಚುವುದು ಕಲಿತವಳು ಅವಳು. ಚಿಕ್ಕಮ್ಮ ಅಂಗಡಿ ಮುಚ್ಚುವಾಗ "ಇದು ನಿನಗೇ" ಎಂದು ಗಾಡಿಯಲ್ಲಿ ಹಾಕಿ ಕಳಿಸಿದ್ದಳು. ಮೇಜು ಈ ಮನೆಗೆ ಬಂದ ಮೇಲೆ ಕಟಿಂಗ್ ಮೇಜಾಗಿ ಬಾಳಿದ್ದು ಒಂದೇ ವಾರ. ಎಂಟನೇ ದಿನ ಅದರ ಮೇಲೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಳೆ ಹರಡಿತು, ಸುತ್ತ ಕುರ್ಚಿ ಬಂದವು, ಡೈನಿಂಗ್ ಟೇಬಲ್ ಎಂದು ಹೆಸರೂ ಬಿತ್ತು. ಅಂದಿನಿಂದ ಅವಳು ಬಟ್ಟೆ ಕತ್ತರಿಸುತ್ತಿದ್ದುದು ಒಂದು ಊಟಕ್ಕೂ ಇನ್ನೊಂದು ಊಟಕ್ಕೂ ನಡುವೆ, ತಟ್ಟೆ ಎತ್ತಿ ಒರೆಸಿದ ಕೂಡಲೆ. ಸ್ಕೂಲ್ ಯೂನಿಫಾರ್ಮು, ನರ್ಸುಗಳ ಕೋಟು, ಅರ್ಧ ಬೀದಿಯ ರವಿಕೆಗಳು, ಎಲ್ಲಾ ಆ ಸಂದಿಯಲ್ಲೇ ಆಗಿ ಹೋಗಿದ್ದವು.

ಗಂಡ ಲಿಫ್ಟ್ ಮೆಕ್ಯಾನಿಕ್. ಬೀದಿಯವರು ಲಿಫ್ಟಣ್ಣ ಎನ್ನುತ್ತಾರೆ. ಮೂವತ್ತೆರಡು ವರ್ಷ ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡವರನ್ನು ಎಳೆದು ಹೊರಹಾಕಿ, ಎರಡು ವರ್ಷದ ಹಿಂದೆ ನಿವೃತ್ತನಾಗಿ ತಾನೇ ಮನೆಯೊಳಗೆ ಸಿಕ್ಕಿಹಾಕಿಕೊಂಡಿದ್ದ. "ನನ್ನ ಮಗ ಊರಿನವರನ್ನೆಲ್ಲ ಮೇಲಕ್ಕೆತ್ತಿದ, ಉಂಡ ತಟ್ಟೆ ಮಾತ್ರ ಎತ್ತಲಿಲ್ಲ," ಎನ್ನುವುದು ಅವನ ತಾಯಿಯ ಅಭಿಪ್ರಾಯ. ಹೆತ್ತವರ ಮಾತು, ಸುಳ್ಳಿರುವುದಿಲ್ಲ.

ಅವರ ಮನೆಯ ಬಾಲ್ಕನಿಯಿಂದ ನೋಡಿದರೆ ರಸ್ತೆಯಾಚೆ ಥೀಮ್ ಪಾರ್ಕಿನ ಗೋಡೆ ಕಾಣುತ್ತದೆ. ನಾಲ್ಕು ತಿಂಗಳ ಹಿಂದೆ ಗೋಡೆಯ ಒಳಗೆ ಒಂದು ಮೂಲೆಗೆ ತಗಡು ಸುತ್ತಿದರು. ಗೇಟಿನ ಮೇಲೆ ದೊಡ್ಡ ಬೋರ್ಡು ಬಂತು: 'ಹೊಸ ಸವಾರಿ ಬರುತ್ತಿದೆ. ಗುಂಡಿಗೆ ಗಟ್ಟಿಯಿದ್ದವರಿಗೆ ಮಾತ್ರ.' ಯಾವ ಸವಾರಿ, ಹೇಗಿರುತ್ತದೆ, ಒಂದಕ್ಷರ ಇಲ್ಲ. ತಗಡಿನ ಮೇಲೆ ತಲೆ ಎತ್ತಿದ್ದು ಎಂಟು ಕಾಂಕ್ರೀಟ್ ಕಂಬ, ಕೆಲವು ದಪ್ಪ ಪೈಪು. ಅಷ್ಟು ಸಾಕಾಯಿತು. ಲಿಫ್ಟಣ್ಣನಿಗೆ ಬದುಕಲು ಒಂದು ಕಾರಣ ಸಿಕ್ಕಿತು.

ದಿನಾ ನಾಲ್ಕು ಗಂಟೆಗೆ ಬಾಲ್ಕನಿಯಲ್ಲಿ ಸಮಿತಿ ಸೇರುತ್ತಿತ್ತು. ಲಿಫ್ಟಣ್ಣ, ಕೆಳಗಿನ ಕಟಿಂಗ್ ಶಾಪಿನಲ್ಲಿ ತಲೆಗೂದಲು ಕತ್ತರಿಸುವವನು, ನಿವೃತ್ತ ಬಸ್ ಕಂಡಕ್ಟರ್. ಮೂವರು ಸದಸ್ಯರು, ಮೂವರೂ ಅಧ್ಯಕ್ಷರು.

"ನಾನು ಹೇಳ್ತೀನಿ ಕೇಳಿ, ಕುರ್ಚಿ ಗರಗರ ತಿರುಗುತ್ತೆ," ಎನ್ನುತ್ತಿದ್ದ ಕಟಿಂಗ್ ಶಾಪಿನವನು. "ಹಿಂದಕ್ಕೆ ಬಾಗುತ್ತೆ, ಕುತ್ತಿಗೆ ಹಿಡಿಯುತ್ತೆ."

"ಕುರ್ಚಿ ಅಲ್ಲಪ್ಪಾ, ಬಸ್ಸು," ಎನ್ನುತ್ತಿದ್ದ ಕಂಡಕ್ಟರ್. "ಡ್ರೈವರೇ ಇಲ್ಲದ ಬಸ್ಸು. ಆ ಕಂಬಗಳು ಸೇತುವೇದು. ಅರ್ಧ ಸೇತುವೆ ಕಟ್ಟಿ ಬಿಟ್ಟುಬಿಡ್ತಾರೆ. ಮಿಕ್ಕಿದ್ದು ಪ್ರಯಾಣಿಕರ ಪುಣ್ಯ."

"ಇಬ್ಬರಿಗೂ ತಲೆ ಇಲ್ಲ," ಎನ್ನುತ್ತಿದ್ದ ಲಿಫ್ಟಣ್ಣ. "ಎಂಟು ಕಂಬದ ನಡುವೆ ಕ್ಯಾಬಿನ್. ಸರ್ರಂತ ಮೇಲೆ ಹೋಗುತ್ತೆ. ತುದೀಲಿ ಹಗ್ಗ ಕಡಿದ ಹಾಗೆ ಆಗುತ್ತೆ. ಆ ಪೈಪಿದೆಯಲ್ಲ, ಅದು ಎಣ್ಣೆ ಒತ್ತಡದ್ದು. ಕಣ್ಣು ಮುಚ್ಚಿಕೊಂಡು ಹೇಳ್ತೀನಿ."

ಕಣ್ಣು ತೆರೆದು ಹೇಳಿದ್ದರೆ ಒಳ್ಳೆಯದಿತ್ತು. ಈ ವಾದಗಳಿಗೆ ದಿನಕ್ಕೆ ಎರಡು ಸುತ್ತು ಟೀ ಬೇಕಾಗುತ್ತಿತ್ತು. ಟೀ ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ಮಾತ್ರ ಸಮಿತಿಯಲ್ಲಿ ಯಾವ ಊಹಾಪೋಹವೂ ಇರಲಿಲ್ಲ.

ಊಹೆ ಬಾಯಲ್ಲೇ ಇದ್ದಿದ್ದರೆ ಟೈಲರಕ್ಕನಿಗೆ ತಕರಾರಿರಲಿಲ್ಲ. ಆದರೆ ಲಿಫ್ಟಣ್ಣ ಮಾದರಿ ಕಟ್ಟಲು ಶುರುಮಾಡಿದ. ಮುರಿದ ಛತ್ರಿಯ ಕಡ್ಡಿ, ಸೈಕಲ್ ಟ್ಯೂಬು, ಬೆಂಕಿಪೆಟ್ಟಿಗೆಯ ಕ್ಯಾಬಿನ್ನು, ಕಂಬಗಳಿಗೆ ಅವಳ ದಾರದ ರೀಲುಗಳು. ಖಾಲಿ ರೀಲು ಐದೇ ಸಿಕ್ಕಿದ್ದರಿಂದ ಉಳಿದ ಮೂರು ಕಂಬಗಳು ಗುಲಾಬಿ ದಾರ ಸುತ್ತಿಕೊಂಡೇ ನಿಂತವು. ಎಲ್ಲಾ ಸೇರಿ ಮೇಜನ್ನು ಈ ತುದಿಯಿಂದ ಆ ತುದಿಗೆ ನುಂಗಿತು. ಮನೆಯವರು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣತೊಡಗಿದರು. ಅವಳು ನೆಲದ ಮೇಲೆ ಮಂಡಿಯೂರಿ ಬಟ್ಟೆ ಕತ್ತರಿಸತೊಡಗಿದಳು.

ಆಗಲೇ ದೊಡ್ಡ ಕೆಲಸ ಬಂದದ್ದು, ಅದೂ ಪಾರ್ಕಿನಿಂದಲೇ. ಹೊಸ ಸವಾರಿಯ ಸಿಬ್ಬಂದಿಗೆ ಇಪ್ಪತ್ತಾರು ಉದ್ದ ಕೋಟು. ಪಾರ್ಕಿನ ಸ್ಟೋರ್ ನೋಡಿಕೊಳ್ಳುವ ಹೆಂಗಸು ಬಟ್ಟೆಯ ಥಾನು, ಒಂದು ಚಿತ್ರ, ಅಳತೆಯ ಪಟ್ಟಿ ಕೊಟ್ಟು, "ಓಪನಿಂಗಿಗೆ ಹದಿನೈದು ದಿನ ಮುಂಚೆ ಕೊಡಬೇಕು ಅಕ್ಕ. ಚೆನ್ನಾಗಿ ಬಂದ್ರೆ ಇಡೀ ಪಾರ್ಕಿನ ಯೂನಿಫಾರ್ಮು ನಿಮಗೇ," ಎಂದಿದ್ದಳು. ಇಷ್ಟು ದೊಡ್ಡ ಕೆಲಸ ಅವಳ ಕೈಗೆ ಎಂದೂ ಬಂದಿರಲಿಲ್ಲ.

ಟೈಲರಕ್ಕ ಥಾನನ್ನು ಬಿಚ್ಚಿ ಮುಟ್ಟಿ ನೋಡಿದಳು. ಕರೀ ಬಟ್ಟೆ, ಒಂದಿಷ್ಟೂ ಹೊಳಪಿಲ್ಲ. ಗುಂಡಿ ಬೇಡ, ಒಳಗೆ ಅಂಟುಪಟ್ಟಿ. ಕೈಬೆರಳು ಮುಚ್ಚುವಷ್ಟು ಉದ್ದ ತೋಳು. ಎಡ ಎದೆಗೆ ಸಣ್ಣ ಟಾರ್ಚ್ ಹಿಡಿಸುವ ಜೇಬು. ಚಿತ್ರದಲ್ಲಿ ಜೇಬಿದ್ದದ್ದು ಗಂಡಸರ ಕೋಟಿಗೆ ಮಾತ್ರ. ಹೆಂಗಸರು ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಳ್ಳಬೇಕೆಂದು ಚಿತ್ರ ಬರೆದವನ ಎಣಿಕೆಯಿರಬೇಕು. ಅವಳು ಯಾರನ್ನೂ ಕೇಳದೆ ಎಲ್ಲ ಕೋಟಿಗೂ ಜೇಬು ಎಂದು ಬರೆದುಕೊಂಡಳು. ಬರೆಯುತ್ತಾ ಸವಾರಿ ಎಂಥದ್ದೆಂದು ಅವಳಿಗೆ ಹೊಳೆದುಬಿಟ್ಟಿತು. ನಲವತ್ತು ವರ್ಷ ಬಟ್ಟೆ ಹೊಲಿದವಳಿಗೆ ಬಟ್ಟೆ ನೋಡಿದರೆ ಅದನ್ನು ಹಾಕಿಕೊಳ್ಳುವವರು ಏನು ಮಾಡುತ್ತಾರೆಂದು ತಿಳಿಯುತ್ತದೆ.

ಸಂಜೆ ಬಾಲ್ಕನಿಗೆ ಹೋಗಿ, "ಮೇಜು ಬೇಕು," ಎಂದಳು.

"ಅದನ್ನ ಈಗ ಅಲ್ಲಾಡಿಸೋ ಹಾಗಿಲ್ಲ," ಎಂದ ಲಿಫ್ಟಣ್ಣ. "ಅಂಟು ಒಣಗಿಲ್ಲ."

"ಮೂರು ತಿಂಗಳಿಂದ ಒಣಗದ ಅಂಟು ಯಾವುದ್ರೀ ಅದು?"

"ಅಕ್ಕ, ಇದು ಇಂಜಿನಿಯರಿಂಗ್ ವಿಷಯ," ಎಂದ ಕಟಿಂಗ್ ಶಾಪಿನವನು, ಸಮಾಧಾನ ಮಾಡುವವನಂತೆ.

"ಹೌದಾ? ಹಾಗಾದ್ರೆ ಕೇಳು ಇಂಜಿನಿಯರಪ್ಪಾ. ಆ ಸವಾರಿ ಮೇಲಕ್ಕೂ ಹೋಗಲ್ಲ, ಕೆಳಕ್ಕೂ ಬೀಳಲ್ಲ. ನೆಲದ ಮೇಲೆ, ಕತ್ತಲಲ್ಲಿ ಓಡುತ್ತೆ. ಕೆಲಸದವರು ಕತ್ತಲಲ್ಲಿ ಕಾಣಬಾರದು, ಅದಕ್ಕೇ ಈ ಬಟ್ಟೆ."

"ಮತ್ತೆ ಕಂಬ?" ಎಂದ ಕಂಡಕ್ಟರ್.

"ಅದು ಕಕ್ಕಸು."

ಮೂವರೂ ನಕ್ಕ ನಗೆಗೆ ಬಾಲ್ಕನಿಯ ಪಾರಿವಾಳಗಳು ಎದ್ದು ಹೋದವು. ಅವಳು ನಗಲಿಲ್ಲ. ಯಾವ ಊರಿಗೆ, ಯಾವ ಆಫೀಸಿಗೆ ಹೋದರೂ ಮೊದಲು ಅದೆಲ್ಲಿದೆ ಎಂದು ಕಣ್ಣಲ್ಲೇ ಹುಡುಕಿಕೊಂಡವಳು ಅವಳು. ನೆತ್ತಿಗೆ ಟೊಪ್ಪಿ ಹಾಕಿಕೊಂಡು ಸಾಲಾಗಿ ನಿಂತ, ಕಕ್ಕಸಿನ ಗಾಳಿ ಬಿಡುವ ಪೈಪುಗಳನ್ನು ನೋಡಿದ ದಿನವೇ ಅವಳಿಗೆ ಗೊತ್ತಾಗಿತ್ತು. ಗಂಡಸರಿಗೆ ಅದು ಹೇಗೆ ಗೊತ್ತಾಗಬೇಕು? ಅವರಿಗೆ ಊರಲ್ಲಿರುವ ಗೋಡೆಗಳೆಲ್ಲ ಅದೇ.

"ಪಂದ್ಯ," ಎಂದ ಲಿಫ್ಟಣ್ಣ, ಕಣ್ಣೊರೆಸಿಕೊಳ್ಳುತ್ತಾ. "ನೀನು ಹೇಳಿದ್ದು ನಿಜವಾದ್ರೆ ಮೇಜು ನಿನಗೆ. ಜೀವನಪೂರ್ತಿ. ನಾನು ಹೇಳಿದ್ದು ನಿಜವಾದ್ರೆ ಇನ್ನು ಮೇಜಿನ ಸುದ್ದಿ ಎತ್ತಬಾರದು. ಓಪನಿಂಗ್ ದಿನ ತೀರ್ಮಾನ."

ಅವಳು ಹುರುಪಿನಲ್ಲಿ "ಆಗಲಿ" ಎಂದುಬಿಟ್ಟಳು. ಅಡುಗೆಮನೆಗೆ ಬಂದ ಮೇಲೆ ಅತ್ತೆ ಹೇಳಿದರು: "ಪೆದ್ದೀ, ಕೋಟು ಓಪನಿಂಗಿಗೆ ಹದಿನೈದು ದಿನ ಮುಂಚೆ ಕೊಡಬೇಕು ಅಂದೆ. ಮೇಜು ಓಪನಿಂಗ್ ದಿನ ಸಿಕ್ಕರೆ ಅದರ ಮೇಲೆ ಏನು ಮಲಗ್ತೀಯಾ?"

ಹೌದಲ್ಲ! ಆದರೆ ಆಡಿದ ಮಾತು ಆಡಿಯಾಗಿತ್ತು. ಅವಳು ನೆಲದಲ್ಲೇ ಕೂತಳು. ಹಾಲಿನ ನೆಲ ಟೀವಿಯ ಕಡೆಗೆ ಇಳಿಜಾರು. ಬಟ್ಟೆ ಜಾರುತ್ತಿತ್ತು, ಒಂದು ತುದಿಯ ಮೇಲೆ ಮಂಡಿಯೂರಿದರೆ ಇನ್ನೊಂದು ತುದಿ ಸುಕ್ಕಾಗುತ್ತಿತ್ತು. ಎದ್ದು ಕೂತು ಮಾಡುವಷ್ಟರಲ್ಲಿ ಮಂಡಿ ಚಟಪಟ ಎನ್ನುತ್ತಿತ್ತು. ಕಷ್ಟಪಟ್ಟು ಆರು ಕೋಟು ಮುಗಿಸಿ ಏಳನೆಯದನ್ನು ಎತ್ತಿ ಹಿಡಿದು ನೋಡಿದರೆ ಎರಡೂ ಎಡ ತೋಳು! ಮಡಿಕೆ ಜಾರಿದ್ದು ಕಂಡಿರಲಿಲ್ಲ. ಹದಿನಾಲ್ಕನೇ ವಯಸ್ಸಿನಲ್ಲೂ ಮಾಡದ ತಪ್ಪು. ಅವಳು ಆ ಕೋಟನ್ನು ಮಡಿಲಲ್ಲಿ ಇಟ್ಟುಕೊಂಡು ಒಂದು ತೋಳಿನ ಹೊಲಿಗೆ ಬಿಚ್ಚತೊಡಗಿದಳು. ಅದನ್ನು ಬಿಟ್ಟು ಇನ್ನೂ ಹತ್ತೊಂಬತ್ತು ಉಳಿದಿದ್ದವು. ಈ ರೀತಿ ಆದರೆ ಪಾರ್ಕಿನ ಮಿಕ್ಕ ಕೆಲಸ ಹೋಗಲಿ, ಈ ಕೆಲಸವೂ ಕೈತಪ್ಪುತ್ತಿತ್ತು.

ಮರುದಿನ ಸ್ಟೋರಿನಾಕೆಯ ಫೋನು ಬಂತು. ಆಗಿರುವಷ್ಟು ಕೋಟು ತಂದು ಸಿಬ್ಬಂದಿಗೆ ಹಾಕಿ ನೋಡಬೇಕಂತೆ. ತಗಡಿನ ಒಳಗೇ ಬರಬೇಕಂತೆ. ಬೇಕಾದರೆ ಸಹಾಯಕ್ಕೆ ಒಬ್ಬರನ್ನು ಕರೆತರಬಹುದಂತೆ.

"ತಗಡಿನ ಒಳಗಾ?" ಎಂದು ಲಿಫ್ಟಣ್ಣ ಬಾಲ್ಕನಿಯಿಂದ ಓಡಿಬಂದ. "ನಾನೂ ಬರ್ತೀನಿ. ಮೂಟೆ ಭಾರ ಇದೆ, ನೀನೊಬ್ಬಳೇ ಹೇಗೆ ಹೊರ್ತೀಯ?"

ಮೂವತ್ತು ವರ್ಷ ಹಗುರವಾಗಿದ್ದ ಮೂಟೆ ಅವತ್ತು ಇದ್ದಕ್ಕಿದ್ದಂತೆ ಭಾರವಾಯಿತು.

"ಬನ್ನಿ," ಎಂದಳು ಟೈಲರಕ್ಕ. "ಆದ್ರೆ ಹೇಳಿದ ಕೆಲಸ ಮಾಡಬೇಕು."

ತಗಡಿನ ಒಳಗೆ ಕರೀ ಬಣ್ಣ ಬಳಿದ ಒಂದು ತಗ್ಗು ಕಟ್ಟಡವಿತ್ತು, ಕಿಟಕಿಯಿಲ್ಲದ್ದು. "ಇದು ಗೋಡೌನ್," ಎಂದು ಲಿಫ್ಟಣ್ಣ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅವನ ಕಣ್ಣು ಎಂಟು ಕಂಬಗಳ ಮೇಲೆಯೇ. ಹತ್ತಿರದಿಂದ ಅವು ಇನ್ನೂ ಎತ್ತರವಾಗಿದ್ದವು, ನೆತ್ತಿಯ ಮೇಲೆ ಏನೋ ದೊಡ್ಡದನ್ನು ಹೊತ್ತಿದ್ದವು. "ಕ್ಯಾಬಿನ್!" ಎಂದು ಅವಳ ಕಿವಿಯಲ್ಲಿ ಉಸುರಿದ. "ಮೇಜಿನ ಆಸೆ ಬಿಡು."

ಪಕ್ಕದ ಶೆಡ್ಡಿನಲ್ಲಿ ಅಳತೆ ಶುರುವಾಯಿತು. ಟೈಲರಕ್ಕ ಟೇಪನ್ನು ಕೊರಳಿಗೆ ಹಾಕಿಕೊಂಡು, ಅವನ ಒಂದು ಕೈಗೆ ಸೀಮೆಸುಣ್ಣ ಕೊಟ್ಟು, ಇನ್ನೊಂದಕ್ಕೆ ಪಟ್ಟಿ ಕೊಟ್ಟು, ಗುಂಡುಸೂಜಿಗಳನ್ನು ಅವನ ತುಟಿಗಳ ನಡುವೆ ಸಾಲಾಗಿ ಇಟ್ಟಳು. "ಮಾತಾಡಬೇಡಿ. ಕೇಳಿದಾಗ ಒಂದೊಂದೇ ಕೊಡಿ."

ಮದುವೆಯಾದಂದಿನಿಂದ ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು.

ಕೋಟು ಹಾಕಿಕೊಂಡ ಒಬ್ಬಳು ಎದೆಯ ಜೇಬಿಗೆ ಕೈ ಇಟ್ಟು, "ಅಯ್ಯೋ, ನಮಗೂ ಜೇಬಿದೆ ಕಣ್ರೇ!" ಎಂದು ಕೂಗಿದಳು. ಹೆಂಗಸರೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಅವಳೇ ಸ್ಟೋರಿನಾಕೆಯನ್ನು ಕೇಳಿದಳು: "ಮೇಡಂ, ಟಾಯ್ಲೆಟ್ ಶುರುವಾಯ್ತಾ? ಎಷ್ಟು ದಿನ ಅಂತ ಗೇಟಿನ ತನಕ ಓಡೋದು?"

"ಇವತ್ತೇ ನೀರು ಬಿಟ್ಟಿದ್ದಾರೆ. ಮೇಲೆ ಟ್ಯಾಂಕು ತುಂಬಿದೆ ನೋಡು," ಎಂದು ಸ್ಟೋರಿನಾಕೆ ಬಾಗಿಲಾಚೆ ಕೈ ತೋರಿಸಿದಳು. "ಆ ಎಂಟು ಕಂಬದ ಕೆಳಗೇ ಟಾಯ್ಲೆಟ್ಟು. ಹೆಂಗಸರ ಕಡೆ ಹದಿನಾರು ಬಾಗಿಲು. ಜಗಳ ಆಡಿ ಮಾಡಿಸಿದ್ದು ನಾನು."

ಲಿಫ್ಟಣ್ಣನ ಬಾಯಿಂದ "ಹ್ಞಾ" ಎಂಬ ಶಬ್ದ ಬಂತು, ಜೊತೆಗೆ ನಾಲ್ಕು ಗುಂಡುಸೂಜಿಗಳೂ ಬಿದ್ದವು. ಉಳಿದವನ್ನು ಅಂಗೈಗೆ ಉಗಿದು ಕೇಳಿದ: "ಹಾಗಾದ್ರೆ ಸವಾರಿ? ಸವಾರಿ ಎಷ್ಟು ಎತ್ತರ?"

"ಎತ್ತರ ಏನಿಲ್ಲ ಅಂಕಲ್," ಎಂದಳು ಜೇಬಿನವಳು, ಕರೀ ಕಟ್ಟಡದ ಕಡೆ ತಲೆ ಆಡಿಸಿ. "ಅದರೊಳಗೆ ಸಣ್ಣ ಗಾಡಿ, ನೆಲದ ಮೇಲೇ ಓಡುತ್ತೆ. ಬರೀ ಕತ್ತಲು. ನಾವು ಹಿಂದಿನಿಂದ ಬಂದು ಹೆಗಲು ಮುಟ್ಟಿ ಹೋಗ್ತೀವಿ, ಅಷ್ಟೇ. ಟ್ರಯಲ್ ನೋಡಿದಾಗ ಗಂಡಸರೇ ಜಾಸ್ತಿ ಕಿರುಚಿದ್ದು."

ಟೈಲರಕ್ಕ ಕೈ ಚಾಚಿ, "ಸೂಜಿ," ಎಂದಳು.

ಬರುವಾಗ ಲಿಫ್ಟಣ್ಣ ಮೂಟೆಯನ್ನು ನಿಜವಾಗಿಯೂ ಹೊತ್ತುಕೊಂಡ. ರಸ್ತೆ ದಾಟುವ ಹೊತ್ತಿಗೆ ಅವನಿಗೆ ಉಸಿರು ಮರಳಿತ್ತು, ಜೊತೆಗೆ ಬುದ್ಧಿಯೂ. "ನೋಡೇ, ಮಾತು ಆಗಿದ್ದು ಓಪನಿಂಗ್ ದಿನ ತೀರ್ಮಾನ ಅಂತ. ಅಲ್ಲೀತನಕ..."

"ಆಗಲಿ, ಮಾತು ಅಂದ್ರೆ ಮಾತು," ಎಂದಳು ಅವಳು. "ಮೇಜು ಓಪನಿಂಗ್ ದಿನವೇ ಕೊಡಿ. ಸಮಿತಿಯವರು ನಾಲ್ಕು ಗಂಟೆಗೆ ಬರ್ತಾರಲ್ಲ, ನೀವು ಮೂರು ತಿಂಗಳು ಕಕ್ಕಸಿನ ಮಾದರಿ ಕಟ್ಟಿದಿರಿ ಅಂತ ನಾನು ಅವರಿಗೆ ಇವತ್ತೇ ಹೇಳ್ತೀನಿ. ಅದಕ್ಕೇನೂ ದಿನ ಗೊತ್ತು ಮಾಡಿರಲಿಲ್ಲವಲ್ಲ?"

ಲಿಫ್ಟಣ್ಣ ಮೂಟೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ. ಮನೆಗೆ ಬಂದವನೇ ಚಪ್ಪಲಿ ಕೂಡ ಬಿಡದೆ ಮೇಜಿನ ಹತ್ತಿರ ಹೋದ.

ನಾಲ್ಕಕ್ಕೆ ಸಮಿತಿ ಬಂದಾಗ ಮಾದರಿ ಬಾಲ್ಕನಿಯ ನೆಲದ ಮೇಲೆ, ಎರಡು ಕಂಬ ಕಳೆದುಕೊಂಡು ಕೂತಿತ್ತು. ಪ್ಲಾಸ್ಟಿಕ್ ಹಾಳೆ ಸುರುಳಿಯಾಗಿ ಮೂಲೆ ಸೇರಿತ್ತು. ಹಾಲಿನಲ್ಲಿ ಆರಡಿ ಉದ್ದಕ್ಕೂ ಕರೀ ಬಟ್ಟೆ, ನಾಲ್ಕು ಪದರ, ಒಂದೂ ಸುಕ್ಕಿಲ್ಲದಂತೆ ಹರಡಿತ್ತು. ಟೈಲರಕ್ಕ ನಿಂತುಕೊಂಡೇ ಗುರುತು ಹಾಕುತ್ತಿದ್ದಳು.

"ಏನಾಯ್ತಣ್ಣ ಒಳಗೆ? ಕ್ಯಾಬಿನ್ ನೋಡಿದ್ಯಾ?" ಎಂದ ಕಟಿಂಗ್ ಶಾಪಿನವನು.

"ಕಂಪನಿ ಗುಟ್ಟು," ಎಂದ ಲಿಫ್ಟಣ್ಣ, ಹೆಂಡತಿಯ ಬೆನ್ನು ನೋಡುತ್ತಾ. "ಹೇಳೋ ಹಾಗಿಲ್ಲ."

"ಒಂದೇ ಒಂದು ಹೇಳು. ಆ ಎಂಟು ಕಂಬದ್ದರಲ್ಲಿ ಒಂದು ಸಲಕ್ಕೆ ಎಷ್ಟು ಜನ ಕೂರಬಹುದು?"

"ಹೆಂಗಸರು ಹದಿನಾರು," ಎಂದಳು ಟೈಲರಕ್ಕ, ತಲೆ ಎತ್ತದೆ.

ಒಳಕೋಣೆಯಿಂದ ಅತ್ತೆ ಕೆಮ್ಮಿದರು. ಅದು ಕೆಮ್ಮೋ ನಗುವೋ ಎಂದು ವಿಚಾರಿಸಲು ಯಾರಿಗೂ ಧೈರ್ಯವಾಗಲಿಲ್ಲ. ಕಂಡಕ್ಟರ್ ಮಾತ್ರ "ಪರವಾಗಿಲ್ಲ, ಲೇಡೀಸ್ ಸೀಟು ಬೇರೆ ಮಾಡಿದ್ದಾರೆ," ಎಂದು ಮೆಚ್ಚಿಕೊಂಡು ಮೇಜಿಗೆ ಮೊಣಕೈ ಊರಿ ನಿಂತ. ಟೀ ಬರುವ ಹೊತ್ತು ಮೀರುತ್ತಿತ್ತು.

"ಮೊಣಕೈ ತೆಗೀರಿ," ಎಂದಳು ಅವಳು.

ಅವನು ತೆಗೆದ. ಅವಳು ಕತ್ತರಿಯನ್ನು ತುದಿಗಿಟ್ಟು ಒತ್ತಿದಳು. ಅದು ನಾಲ್ಕು ಪದರವನ್ನೂ ಒಟ್ಟಿಗೆ, ಎಲ್ಲೂ ನಿಲ್ಲದೆ, ಮೇಜಿನ ಆ ತುದಿಯವರೆಗೂ ಕರಕರನೆ ಸೀಳುತ್ತಾ ಹೋಯಿತು.