ರೋಸಿಯ ಕಾಲು, ದೊಡ್ಡಿಯ ದನ

ನಾಯಿಯ ಕಾಲು ಉಳುಕಿತೆಂದು ಮಡಿಕೇರಿಯಿಂದ ಕಾರು ಮಾಡಿ ಡಾಕ್ಟರನ್ನು ಕರೆಸಿದವನಿಗೆ ಏನೆನ್ನುತ್ತೀರಿ? ಸ್ವಲ್ಪ ಮೆಲ್ಲಗೆ ಹೇಳಿ, ಅವನು ನಾನೇ.

ಕೊಡಗು ಇನ್ನೂ ತನ್ನದೇ ಪುಟ್ಟ ರಾಜ್ಯವಾಗಿದ್ದ ಕಾಲ. ಸಂಪಾಜೆ ಬಳಿಯ ನಮ್ಮ ತೋಟದಲ್ಲಿ ರೋಸಿ ಇದ್ದಳು. ಬಿಳಿ ದೊರೆಯೊಬ್ಬ ಸ್ವದೇಶಕ್ಕೆ ಹೊರಡುವಾಗ ನನಗೆ ಬಿಟ್ಟುಹೋದ ನಾಯಿ. ಹೆಸರಿಗೆ ಬೇಟೆನಾಯಿ, ಹೇಂಟೆಯೊಂದು ಕೊಕ್ಕೊ ಎಂದರೂ ಮಂಚದಡಿ ಸೇರುವಳು. ಅವಳು ಕುರ್ಚಿಯಿಂದ ಹಾರಿ ಕುಂಟಿದ ದಿನ ನಾನು ಹೆಂಡತಿಯ ಮುಂದೆ ಶಾಸ್ತ್ರ ತೆಗೆದೆ: ಬೇಟೆಯಲ್ಲಿ ಹಂದಿ ಬಿದ್ದರೆ ಮಾಂಸದಲ್ಲಿ ನಾಯಿಗೂ ಪಾಲು ಇಡುವ ನಾಡು ನಮ್ಮದು, ನಾಯಿಯ ಪಾಲು ತಪ್ಪಿಸಬಾರದು.

"ನಿಮ್ಮ ರೋಸಿ ಯಾವ ಹಂದಿ ಹಿಡ್ದುಟ್ಟು?" ಎಂದಳು. ನನಗೆ ಕೇಳಿಸಲಿಲ್ಲ.

ಡಾಕ್ಟರು ಕಾಲು ಒತ್ತಿ ನೋಡಿ, "ಬರೀ ಉಳುಕು" ಎಂದು ಪಟ್ಟಿ ಕಟ್ಟಿ, ಒಂದು ಡಬ್ಬಿ ಮುಲಾಮು ಇಟ್ಟು ಕಾಫಿಗೆ ಕುಳಿತರು. ಆಗ ಅಂಗಳಕ್ಕೆ ಐತ ಬಂದ. ಬೀಡಾಡಿ ದನಗಳನ್ನು ಕೂಡಿಹಾಕುವ ಸರಕಾರಿ ದೊಡ್ಡಿಯ ಕಾವಲುಗಾರ. ದೊಡ್ಡಿ ನಮ್ಮ ಗೇಟಿನಿಂದ ಒಂದೇ ಫರ್ಲಾಂಗು.

"ಡಾಕ್ಟ್ರು ಹೋಗುವ ಮೊದ್ಲು ಒಮ್ಮೆ ದೊಡ್ಡಿಗೆ ಬರ್ಲಿ, ಸಾಹುಕಾರ್ರೆ. ಆ ಮುದಿ ದನದ ಕಾಲಿಗೆ ಹುಳ ಬಿದ್ದುಟ್ಟು."

ಆ ದನ ನನಗೆ ಗೊತ್ತಿತ್ತು. ನನ್ನ ಬೀನ್ಸ್ ಚಪ್ಪರಕ್ಕೆ ನುಗ್ಗಿತ್ತೆಂದು ದೊಡ್ಡಿಗೆ ಅಟ್ಟಿಸಿದವನೇ ನಾನು. ಕಾಲು ಹರಿದದ್ದು ನನ್ನ ಬೇಲಿಯ ಮುಳ್ಳುತಂತಿಗೆ. ದನ ತನ್ನದೆಂದು ಕೇಳಿಕೊಂಡು ಯಾರೂ ಬಂದಿರಲಿಲ್ಲ.

"ಡಾಕ್ಟರಿಗೆ ಹೊತ್ತಾಯ್ತು ಮಾರಾಯ, ಇನ್ನೊಮ್ಮೆ ನೋಡೋಣ" ಎಂದೆ. ಐತ ತಲೆಯಾಡಿಸಿ ಹೋದ. ಆಮೇಲೆ ಡಾಕ್ಟರೂ ನಾನೂ ಇನ್ನೊಂದು ಲೋಟ ಕಾಫಿ ಕುಡಿಯುತ್ತ, ರೋಸಿಯ ವಂಶಾವಳಿ ಮಾತಾಡುತ್ತ ಒಂದು ಗಂಟೆ ಕುಳಿತೆವು. ಥೂ, ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ರೋಸಿಯನ್ನು ಮುದ್ದು ಮಾಡಿದ್ದು ತಪ್ಪೆಂದು ಈಗಲೂ ಅನಿಸುವುದಿಲ್ಲ. ಡಾಕ್ಟರನ್ನು ಇನ್ನೊಂದು ಫರ್ಲಾಂಗು ನಡೆಸಲಿಲ್ಲವಲ್ಲ, ಅದು ತಪ್ಪು. ಹಂದಿ ಹಿಡಿಯದ ನಾಯಿಗೆ ಪಾಲು ಕೊಡಿಸುವಷ್ಟು ಉದಾರವಾಗಿದ್ದ ನನ್ನ ಶಾಸ್ತ್ರ, ಬೀನ್ಸ್ ತಿಂದ ದನದ ಹತ್ತಿರ ಬಂದಾಗ ಬಾಯಿ ಮುಚ್ಚಿಕೊಂಡಿತು.

ಮೂರನೆಯ ದಿನ ರೋಸಿ ನೆಟ್ಟಗೆ ಓಡತೊಡಗಿದಳು. ನಾನು ನೋಡುತ್ತಿದ್ದರೆ ಮಾತ್ರ ಕುಂಟುವಳು. ಮಿಕ್ಕ ಮುಲಾಮಿನ ಡಬ್ಬಿ ಹಿಡಿದು ದೊಡ್ಡಿಗೆ ಹೋದೆ. ಐತ ಬರಿದಾದ ಮೂಲೆಯನ್ನು ಗುಡಿಸುತ್ತಿದ್ದ.

"ದನ ನಿನ್ನೆ ಸತ್ತ್ ಹೋತ್" ಎಂದ. ನನ್ನ ಕೈಯ ಡಬ್ಬಿಯನ್ನೂ ನೋಡಿದ. ಬಯ್ಯುತ್ತಾನೆಂದುಕೊಂಡೆ; ಬೈದಿದ್ದರೆ ಚೆನ್ನಾಗಿತ್ತು. ಅವನು ಪೊರಕೆ ಗೋಡೆಗೆ ಒರಗಿಸಿ, ನಿಜವಾದ ಕಾಳಜಿಯಿಂದಲೇ ಕೇಳಿದ:

"ರೋಸಿ ಹೇಂಗುಟ್ಟು?"

ಗುಣವಾಯಿತು ಎಂದೆ. ಒಳ್ಳೆಯ ಸುದ್ದಿಯನ್ನು ಅಷ್ಟು ತಲೆ ತಗ್ಗಿಸಿ ನಾನು ಎಂದೂ ಹೇಳಿದ್ದಿಲ್ಲ.