ಮೊದಲ ವೀಳ್ಯ

ಹನೂರಿನ ಕಡೆ ಐದು ಊರುಗಳದ್ದೊಂದು ಕೂಟವಿತ್ತು. ಕೆರೆ, ಕಾಲುವೆ, ಜಗಳ, ಎಲ್ಲಕ್ಕೂ ಒಂದೇ ನ್ಯಾಯ. ಕೂರುವವರೆಲ್ಲ ಒಂದೇ ಜನ, ಒಂದೇ ಬೇಸಾಯ. ವೀಳ್ಯ ಹಂಚುವಾಗ ಮಾತ್ರ ದೊಡ್ಡೂರಿಗೆ ಮೊದಲು, ಎಲ್ಲಕ್ಕಿಂತ ಪುಟ್ಟದಾದ ಶಿವಯ್ಯನ ಊರಿಗೆ ಕೊನೆಗೆ. ಸಾಲದ್ದಕ್ಕೆ ಕೊನೆಯ ಊರಿನವನೇ ತಟ್ಟೆ ಹಿಡಿದು ಹಂಚಬೇಕು, ತಾನು ನಿಂತೇ ತಿನ್ನಬೇಕು. ಶಿವಯ್ಯನ ಅಪ್ಪ ಹಿಡಿದೂ ಹಿಡಿದೂ ತೀರಿಕೊಂಡ. ಎಂಬತ್ನಾಲ್ಕನೇ ಇಸವಿಯಿಂದ ಶಿವಯ್ಯನ ಸರದಿ. ಸಾಯುವುದರೊಳಗೆ ಒಂದು ಸಲ ಕೂತು ವೀಳ್ಯ ತಗೋಬೇಕು ಅನ್ನುವುದೊಂದೇ ಅವನ ಆಸೆ. ಅದನ್ನು ಹೆಂಡತಿ ಪುಟ್ಟಬಸಮ್ಮನಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

ಅವನ ಇನ್ನೊಂದು ಹುಚ್ಚು ರೇಡಿಯೊ. ವಾರ್ತೆ ಶುರುವಾಯಿತೆಂದರೆ ಎಮ್ಮೆ ಹಗ್ಗ ಕಿತ್ತುಕೊಂಡು ಹೋದರೂ ಆಸಾಮಿ ಏಳುತ್ತಿರಲಿಲ್ಲ! ಎರಡು ಸಾವಿರದ ಮೂರರಲ್ಲಿ ಇರಾಕ್ ಯುದ್ಧಕ್ಕೆ ಹೊರಟ ಅಮೆರಿಕದ ಸೈನ್ಯಕ್ಕೆ ಟರ್ಕಿ ದಾರಿ ಕೊಡಲಿಲ್ಲವೆಂದು ಕೇಳಿದವನೇ ಶಾಲೆಯ ಯಶೋದ ಟೀಚರ್ ಹತ್ತಿರ ಓಡಿದ.

"ಮೇಡಮ್ಮೋರೆ, ಅವ್ರಿಬ್ರೂ ಒಂದೇ ಕೂಟ ಅಲ್ವರಾ?"

"ಹೌದು ಶಿವಯ್ಯ, ನ್ಯಾಟೊ ಅಂತ."

"ಅಲ್ಲಿ ಮೊದ್ಲ ವೀಳ್ಯ ಯಾರ್ಗೆ?"

ಟೀಚರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಾಗದದ ಮೇಲೆ ಎಲ್ಲರೂ ಸಮ. ನಡೆಯೋದು ದೊಡ್ಡವರ ಮಾತು. ಆದರೆ ಯುದ್ಧ ಬಂತೋ, ದಾರಿ ಯಾರ ಕೈಯಲ್ಲಿದೆಯೋ ಅವರ ಬಾಗಿಲಲ್ಲಿ ದೊಡ್ಡವರೂ ನಿಲ್ಲಬೇಕು."

ಆಮೇಲೆ ಪೋಲೆಂಡಿನ ಸುದ್ದಿ ಬಂತು. ನ್ಯಾಟೊ ಕೂಟಕ್ಕೆ ಸೇರಿ ನಾಲ್ಕೇ ವರ್ಷವಾದರೂ, ಯುದ್ಧಕ್ಕೆ ಸೈನಿಕರನ್ನು ಕಳಿಸಿದ್ದಕ್ಕೆ ಇರಾಕಿನ ಒಂದು ಭಾಗದ ಉಸ್ತುವಾರಿಯೇ ಅದಕ್ಕೆ ಸಿಕ್ಕಿತ್ತು. ಯುದ್ಧ ಬೇಡವೆಂದ ಆ ಕೂಟದ ಹಳೇ ಯಜಮಾನ ದೇಶಗಳು ಮುಖ ಊದಿಸಿಕೊಂಡಿದ್ದವು. ಅಷ್ಟು ದೂರದ ದೇಶಗಳಲ್ಲೂ ಇದೇ ಕಥೆಯಾ ಎಂದು ಶಿವಯ್ಯನಿಗೆ ಎಲ್ಲಿಲ್ಲದ ಬೆರಗು.

ಕಾರ್ತಿಕದಲ್ಲಿ ಕೂಟಕ್ಕೆ ಸೇರದ ಮೇಲಿನ ಊರವರು ಕಾಲುವೆಗೆ ಬಂಡೆ ಉರುಳಿಸಿ ನೀರು ತಡೆದರು. ಬಂಡೆ ಎಳೆದು ತೆಗೆಯಲು ಐದೂರಿನವರೂ ಟ್ರ್ಯಾಕ್ಟರ್ ಹೊರಡಿಸಿದರು. ಆದರೆ ಅಲ್ಲಿಗೆ ಹೋಗುವ ದಾರಿ ಶಿವಯ್ಯನ ಊರಿನ ರಾಗಿ ಹೊಲಗಳ ಮೇಲೆಯೇ. ದೊಡ್ಡೂರಿನ ಯಜಮಾನ ಮಾದಣ್ಣ ತಾನೇ ಶಿವಯ್ಯನ ಮನೆ ಬಾಗಿಲಿಗೆ ಬಂದ.

"ದಾರಿ ಬುಡ್ರಲಾ ಶಿವಯ್ಯ."

"ಬುಡ್ತೀವಿ ಯಜಮಾನ್ರೆ. ಮೊದ್ಲ ವೀಳ್ಯ ನಮ್ಮೂರ್ಗೆ ಕೊಡಿ."

"ಏನ್ಲಾ, ತಲೆಗಿಲೆ ಕೆಟ್ಟದಾ ನಿಂಗೆ?"

"ನೀರು ನಿಮ್ಗೂ ಬೇಕು, ನಮ್ಗೂ ಬೇಕು. ದಾರಿ ಮಾತ್ರ ನಮ್ದು ಕಣ್ರಿ."

ಮಾದಣ್ಣ ಹೊಲದ ಕಡೆ ನೋಡಿ, "ಆಗ್ಲಿ" ಅಂದ. ಟ್ರ್ಯಾಕ್ಟರ್‌ಗಳು ರಾಗಿ ತುಳಿದುಕೊಂಡೇ ಹೋದವು, ಬಂಡೆ ಎದ್ದಿತು, ನೀರು ಬಂತು.

ಮುಂದಿನ ಸೋಮವಾರ ಕೂಟ ಸೇರಿತು. ಶಿವಯ್ಯ ಅಭ್ಯಾಸಬಲದಿಂದ ತಟ್ಟೆ ಎತ್ತಿಕೊಂಡೇ ಬಂದ.

"ಕೂತ್ಕೊ ಶಿವಯ್ಯ," ಅಂದ ಮಾದಣ್ಣ.

ಸರಿ, ತಟ್ಟೆ ಯಾರು ಹಿಡಿಯುವುದು? ಯಾರೂ ಅದನ್ನು ಯೋಚಿಸಿಯೇ ಇರಲಿಲ್ಲ. ಮಾದಣ್ಣ ಕೈಯನ್ನು ತೊಡೆಯ ಮೇಲಿಂದ ಎತ್ತಲಿಲ್ಲ. ಉಳಿದವರು ಒಬ್ಬೊಬ್ಬರಾಗಿ ಈಗ ಕೊನೆಯದಾದ ನಾಲ್ಕನೇ ಊರಿನ ಚೆನ್ನಯ್ಯನ ಕಡೆ ತಿರುಗಿದರು. ಚೆನ್ನಯ್ಯ ಶಿವಯ್ಯನಿಗಿಂತ ಹತ್ತು ವರ್ಷ ದೊಡ್ಡವನು. ಎದ್ದ, ಹೆಗಲ ಮೇಲಿನ ಟವೆಲ್ಲು ತೆಗೆದು ಸೊಂಟಕ್ಕೆ ಸುತ್ತಿದ, ತಟ್ಟೆ ತೆಗೆದುಕೊಂಡ.

ಶಿವಯ್ಯ ಚಾಪೆಯ ಮೇಲೆ ಕೂತ. ತಟ್ಟೆ ಮೊದಲು ಅವನ ಮುಂದೆಯೇ ಬಂತು. ಕೂತವರಿಗೆ ತಟ್ಟೆ ಕಾಣುತ್ತದೆ, ಹಿಡಿದ ಎರಡು ಕೈ ಕಾಣುತ್ತವೆ, ಅಷ್ಟೆ. ಇಷ್ಟು ವರ್ಷ ಇವರಿಗೆಲ್ಲ ತಾನು ಕಂಡಿದ್ದೂ ಇಷ್ಟೇ ಎಂದು ಅವನಿಗೆ ಆಗ ಗೊತ್ತಾಯಿತು. ಅವನು ಕತ್ತೆತ್ತಿ ಚೆನ್ನಯ್ಯನ ಮುಖ ನೋಡಿದ.

"ಬೇಗ ತಕೊಳಪ್ಪ," ಅಂದ ಚೆನ್ನಯ್ಯ, ಎತ್ತಲೋ ನೋಡುತ್ತ. "ಕೈ ನೋಯ್ತದೆ."