ಮೂರನೆಯ ಡ್ರಮ್ಮು

ನಮ್ಮ ಕಚೇರಿಯಲ್ಲಿ ಎಲ್ಲರ ಹೆಗಲ ಮೇಲೂ ಪಟ್ಟಿಯೋ ನಕ್ಷತ್ರವೋ ಇರುತ್ತದೆ. ಮೇಷ್ಟ್ರ ಹೆಗಲ ಮೇಲಿರುವುದು ಊಟದ ಚೀಲ. ಸೇನೆಯ ಕಮಾಂಡ್ ಕಚೇರಿಯಲ್ಲಿ ಅವರು ಸಿವಿಲಿಯನ್ ತರಬೇತಿ ತಜ್ಞರು. ಹತ್ತೊಂಬತ್ತು ವರ್ಷದಿಂದ ಲಾರಿ ಚಾಲಕರಿಗೆ ಪಾಠ ಹೇಳುತ್ತಿದ್ದಾರೆ. ಸಾಹೇಬರುಗಳು ಎರಡು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಬಂದವರೆಲ್ಲ ಅದೇ ಪಾಠಕ್ಕೆ ಹೊಸ ಹೆಸರಿಡುತ್ತಾರೆ. ಮೇಷ್ಟ್ರು ತಲೆಯಾಡಿಸಿ ಹಳೆಯ ಕಡತಕ್ಕೆ ಹೊಸ ರಟ್ಟು ಹಾಕುತ್ತಾರೆ. ಎದುರು ಮೇಜಿನಲ್ಲಿ ಕೂತು ಆ ಹೆಸರುಗಳನ್ನೆಲ್ಲ ಟೈಪು ಮಾಡುವವಳು ನಾನು. ಹಾಗಾಗಿ ಬೈಯುವ ಹಕ್ಕು ನನಗಿದೆ, ಅದನ್ನು ಧಾರಾಳವಾಗಿ ಬಳಸುತ್ತೇನೆ.

ಮೇಷ್ಟ್ರ ನಿವೃತ್ತಿಗೆ ಎಂಟು ತಿಂಗಳಿತ್ತು. ಮಂಡಿ ಎರಡೂ ಕೈಕೊಟ್ಟಿದ್ದವು. ಮೆಟ್ಟಿಲು ಹತ್ತಿ ಬಂದು ಕುರ್ಚಿಗೆ ಬಿದ್ದರೆ ಕಾಲು ಗಂಟೆ ಮಂಡಿ ತಿಕ್ಕಿಕೊಳ್ಳುತ್ತಿದ್ದರು. ಆದರೂ ಹಿಮ್ಮುಖ ಪರೀಕ್ಷೆಯನ್ನು ಮಾತ್ರ ಬೇರೆ ಯಾರಿಗೂ ಬಿಡುತ್ತಿರಲಿಲ್ಲ.

ಆ ಪರೀಕ್ಷೆ ಹೀಗೆ. ಅಂಚಿನಲ್ಲಿ ಡ್ರಮ್ಮುಗಳನ್ನಿಟ್ಟ ದಾರಿಯಲ್ಲಿ ಚಾಲಕ ಲಾರಿಯನ್ನು ಹಿಂದಕ್ಕೆ ತರುತ್ತಾನೆ. ಮೇಷ್ಟ್ರು ಲಾರಿಯ ಹಿಂದೆ, ಅವನ ಕನ್ನಡಿಯಲ್ಲಿ ಕಾಣುವಂತೆ, ಕೈಸನ್ನೆ ಮಾಡುತ್ತ ಹಿಂದಹಿಂದಕ್ಕೆ ನಡೆಯುತ್ತಾರೆ. ನಡುವೆ ಹೇಳದೆ ಕೇಳದೆ ಪಕ್ಕಕ್ಕೆ ಸರಿದುಬಿಡುತ್ತಾರೆ. ಕನ್ನಡಿಯಲ್ಲಿ ಮನುಷ್ಯ ಕಾಣದಾದ ಕ್ಷಣ ಲಾರಿ ನಿಲ್ಲಬೇಕು. ಯಾಕೆಂದರೆ ಕಾಣದವನು ಚಕ್ರದ ಕೆಳಗೂ ಇರಬಹುದು.

ಈ ಸಲ ನಲವತ್ತೆರಡು ಮಂದಿ ಚಾಲಕರು. ನಲವತ್ತೊಂದು ಜನ ಪಾಸಾಗಿದ್ದರು. ಕೊನೆಯವನ ಸರದಿಯಲ್ಲಿ ಮೇಷ್ಟ್ರ ಮಂಡಿ ಮಡಚಿಕೊಂಡು ಅವರು ಪಕ್ಕಕ್ಕೆ ಬಿದ್ದರು. ಲಾರಿ ನಿಲ್ಲಲಿಲ್ಲ. ಕೈಯಿಂದ ಜಾರಿದ ಅಂಕಪಟ್ಟಿಯ ಮೇಲೆ ಚಕ್ರ ಹತ್ತಿಸಿಕೊಂಡು ಹೋಗಿ, ದಾರಿಯಂಚಿನ ಮೂರನೆಯ ಡ್ರಮ್ಮಿನ ಪಕ್ಕ ಅಚ್ಚುಕಟ್ಟಾಗಿ ನಿಂತಿತು.

"ಕನ್ನಡೀಲಿ ನಾನು ಕಾಣ್ತಿದ್ನೇನಯ್ಯಾ?"

"ಇಲ್ಲ ಸಾರ್."

"ಮತ್ಯಾಕೆ ನಿಲ್ಲಿಸ್ಲಿಲ್ಲ?"

ಚಾಲಕ ನಿಜಕ್ಕೂ ಕಕ್ಕಾಬಿಕ್ಕಿಯಾಗಿದ್ದನಂತೆ. "ಮೂರನೇ ಡ್ರಮ್ಮು ಇನ್ನೂ ಬಂದಿರ್ಲಿಲ್ಲ ಸಾರ್. ನೀವು ಸರಿಯೋದು ಅಲ್ಲೇ ಅಲ್ವಾ?"

ದಾರಿಯ ಅಂಚು ಗೊತ್ತಾಗಲೆಂದು ಆ ಡ್ರಮ್ಮುಗಳನ್ನು ಇಡಿಸಿದವರು ಮೇಷ್ಟ್ರೇ. ತಮಗೇ ತಿಳಿಯದೆ ಪ್ರತಿ ಸಲ ಮೂರನೆಯದರ ಹತ್ತಿರವೇ ಸರಿಯುತ್ತಿದ್ದರು. ಚಾಲಕರು ನೋಡುತ್ತಿದ್ದುದು ಕನ್ನಡಿಯನ್ನಲ್ಲ, ಡ್ರಮ್ಮನ್ನು. ಹಳಬರು ಹೊಸಬರಿಗೆ ಮೊದಲ ದಿನವೇ ಕಿವಿಮಾತು ಹೇಳುತ್ತಿದ್ದರಂತೆ.

ಚಕ್ರದ ಅಚ್ಚು ಬಿದ್ದ ಅಂಕಪಟ್ಟಿಯನ್ನು ಮೇಷ್ಟ್ರು ನನ್ನ ಮೇಜಿನ ಮೇಲಿಟ್ಟಾಗ ಸಾಹೇಬರೇ ಒಳಗೆ ಬಂದರು. "ಶುಕ್ರವಾರ ಮೇಲಕ್ಕೆ ವರದಿ ಹೋಗ್ಬೇಕು, ನೂರಕ್ಕೆ ನೂರು. ಒಬ್ಬ ತಾನೇ ಫೇಲಾಗಿರೋದು? ನಾಳೆ ಇನ್ನೊಂದ್ಸಲ ಮಾಡ್ಸಿ, ಸಹಿ ಹಾಕ್ಬಿಡಿ."

ನಾನೂ ಅದನ್ನೇ ಹೇಳಿದೆ, ಮುಚ್ಚಿಡುವುದೇಕೆ? "ಹಾಕಿ ಸಾರ್ ಸುಮ್ನೆ. ಎಂಟು ತಿಂಗಳು ಕಣ್ಮುಚ್ಕೊಂಡು ಕಳೆದ್ರೆ ಮನೇಲಿ ಕಾಲು ಚಾಚ್ಕೊಂಡಿರ್ಬೋದು." ಮೇಷ್ಟ್ರ ಮುಖ ನೋಡಿದರೆ ಅವರಿಗೂ ಅದಕ್ಕಿಂತ ಹೆಚ್ಚಿನದೇನೂ ಬೇಕಾಗಿರಲಿಲ್ಲ.

"ಒಬ್ಬ ಅಲ್ಲ ಸಾರ್, ನಲವತ್ತೆರಡೂ," ಎಂದು ಮೇಷ್ಟ್ರು ತಮ್ಮ ಸಹಿಗಳನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿದರು. ಸಾಹೇಬರು ಕೆಂಡಾಮಂಡಲವಾದರು. ಸೇವಾ ಪುಸ್ತಕದಲ್ಲಿ ಟಿಪ್ಪಣಿ ಬೀಳುತ್ತದೆಂದರು. ಬೀಳಲಿ ಎಂದರು ಇವರು, ಯಾವ ಪೌರುಷವೂ ಇಲ್ಲದೆ, ಸೋತ ದನಿಯಲ್ಲಿ.

ಮರುದಿನ ಡ್ರಮ್ಮುಗಳನ್ನು ತೆಗೆಸಿ, ಒಬ್ಬೊಬ್ಬರಿಗೆ ಒಂದೊಂದು ಕಡೆ ಸರಿದರು. ಮಂಡಿಗೆ ಪಟ್ಟಿ ಸುತ್ತಿಕೊಂಡು ನಲವತ್ತೆರಡು ಸಲ ಹಿಮ್ಮುಖವಾಗಿ ನಡೆದರು. ಲಾರಿ ನಿಲ್ಲಿಸಿದವರು ಹನ್ನೊಂದು ಜನ. ಮೇಷ್ಟ್ರು ಕಚೇರಿಗೆ ಬಂದು ಕುರ್ಚಿಗೆ ಬಿದ್ದರು. ಆಮೇಲೆ ಅಕ್ಕನ ಮಗನಿಗೆ ಫೋನು ಮಾಡಿದರು.

ಈ ಅಕ್ಕನ ಮಗ ಅವರ ಏಕೈಕ ಹೆಮ್ಮೆ. ಒಂಬತ್ತು ವರ್ಷದ ಹಿಂದೆ ಇದೇ ಮೈದಾನದಲ್ಲಿ ಅವರ ಕೈಯಲ್ಲೇ ಪಾಸಾದವನು. ಈಗ ದೂರದ ಇನ್ನೊಂದು ಕೇಂದ್ರದಲ್ಲಿ ಚಾಲಕರಿಗೆ ಅವನೇ ಪಾಠ ಹೇಳುತ್ತಾನೆ. ಅವನ ಸುದ್ದಿ ದಿನಕ್ಕೆರಡು ಸಲವಾದರೂ ನನ್ನ ಕಿವಿಗೆ ಬೀಳುತ್ತಿತ್ತು. ಫೋನಿನ ಸ್ಪೀಕರ್ ಹಾಕಿದ್ದರಿಂದ ಮಾತು ನನಗೂ ಕೇಳಿಸಿತು.

"ಹಿಮ್ಮುಖ ಪರೀಕ್ಷೆ ಅಲ್ಲಿ ಹೇಗಪ್ಪಾ ಮಾಡ್ತೀಯ?"

"ನಿಮ್ಮ ಹಾಗೇ ಮಾವ! ಎಲ್ಲಾ ನಿಮ್ಮ ಮೈದಾನದ ಅಳತೇನೇ. ಮೂರು ಡ್ರಮ್ಮು ಇಟ್ಟಿದೀನಿ, ಮೂರನೇದ್ರ ಹತ್ರ ಪಕ್ಕಕ್ಕೆ ಸರೀತೀನಿ. ಇವತ್ತಿನವರೆಗೂ ಒಬ್ಬನೂ ಫೇಲಾಗಿಲ್ಲ, ಗೊತ್ತಾ?"

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಡ್ರಮ್ಮು ಇವತ್ತೇ ತೆಗೆಸ್ಬಿಡು. ಅಲ್ಲೀವರೆಗೂ ಯಾವ ಲಾರಿ ಹಿಂದೇನೂ ನೀನು ನಿಲ್ಬೇಡ."

"ಯಾಕ್ ಮಾವ? ನಿಮ್ದೇ ಅಲ್ವಾ ಈ ಪಾಠ?"

"ಹೂಂ ಕಣಪ್ಪಾ, ನಂದೇ," ಎಂದರು. ನನಗೆ ಅಳು ಬಂತು.

ಫೋನಿಟ್ಟು, ಗೋಡೆ ಹಿಡಿದುಕೊಂಡು ಬೀರುವಿನ ತನಕ ಹೋಗಿ, ಹತ್ತೊಂಬತ್ತು ವರ್ಷದ ಪಟ್ಟಿಗಳನ್ನು ಹೊರಗೆಳೆದರು. ಪಾಸಾದವರೆಲ್ಲ ಈಗ ಎಲ್ಲೆಲ್ಲೋ ಲಾರಿ ಓಡಿಸುತ್ತಿದ್ದಾರೆ. ಪರೀಕ್ಷೆ ಮತ್ತೆ ಮಾಡಿಸಬೇಕೆಂದು ಒಬ್ಬೊಬ್ಬರ ಘಟಕಕ್ಕೂ ಕಾಗದ ಹೋಗಬೇಕು.

"ಎಂಟು ತಿಂಗಳು ಸಾಲುತ್ತಾ?" ಎಂದು ನನ್ನನ್ನು ಕೇಳಿದರು.

ಬೈಯುವ ಹಕ್ಕು ನನಗಿತ್ತು, ಬೈಯಲಿಲ್ಲ. ಅವರು ಮೊದಲ ವರ್ಷದ ಮೊದಲ ಹೆಸರು ಓದಿದರು, ನಾನು ಟೈಪು ಮಾಡಿದೆ.